ಸಾವ್ಕಾರರ ತಂಪು ನೆಲ

ಸಾವ್ಕಾರ ಚೆನ್ನಬಸಪ್ಪನವರು ಪಟ್ಟಣದ ದೊಡ್ಡ ಹೋಟೆಲಿನಲ್ಲಿ ಮರದ ನೆಲ ನೋಡಿ ಬಂದರು. ಬಂದವರೇ ಅಂಗಳದ ಬೇವಿನ ಮರಕ್ಕೆ ಕೈ ತೋರಿಸಿದರು.

"ನಾಳೆನ ಕಡಿಸಿ ಹಲಗಿ ಹಾಸಸ್ತೀನಿ. ನೆಲ ಅಂದ್ರ ಕಾಲಿಗೆ ತಂಪಿರಬೇಕು!"

ಕಸ ಗುಡಿಸುತ್ತಿದ್ದ ಮನೆಗೆಲಸದ ದ್ಯಾವಮ್ಮ ಪೊರಕೆ ನಿಲ್ಲಿಸಿ ಮರದತ್ತ ನೋಡಿದಳು. ಹೋದ ವರ್ಷ ತಲೆಬಾಗಿಲಿಗೆಂದು ಇದರ ಜೋಡಿ ಬೇವನ್ನು ಕಡಿಸಿದಾಗ ಆಕೆ ಬಾಯಿ ಬಿಟ್ಟಿರಲಿಲ್ಲ.

ಮರುದಿನ ಬಡಿಗ ಬರುವ ಮೊದಲೇ ಅವಳು ಬೇವಿನ ಬುಡಕ್ಕೆ ನೀರು ಚಿಮುಕಿಸಿ, ಚಾಪೆ ಹಾಸಿ, ಮಜ್ಜಿಗೆ ಇಟ್ಟಳು.

"ನಿಮ್ಮ ಮರದ ನೆಲ ತಯಾರಾಗೇತಿ, ಬರ್ರಿ ಸಾವ್ಕಾರ್ರ."

ಸಾವ್ಕಾರರು ಕೂತರು. ಮಜ್ಜಿಗೆ ಕುಡಿದು ಕಾಲು ಚಾಚಿದರು. "ಭಾಳ ತಂಪೈತಿ! ಆದ್ರ ಹಲಗಿ ಎಲ್ಲಿ?"

"ನಿಮ್ಮ ತಲಿ ಮ್ಯಾಲ ನಿಂತಾವ್ರಿ. ಕೆಳಗ ಇಳಿಸಿದ್ರ ಈ ತಂಪು ಉಳಿಯಂಗಿಲ್ರಿ."

ಸಾವ್ಕಾರರು ಮೇಲೆ ನೋಡಿದರು. ಹೊಟ್ಟೆ ಕುಣಿಯುವಂತೆ ನಕ್ಕರು. ಬಡಿಗನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಸಂಜೆ ಮತ್ತೆ ಬಂದು ಅಲ್ಲೇ ಕೂತಾಗ ಪಡುವಣದ ಬಿಸಿಲು ನೇರ ಅವರ ಮುಖಕ್ಕೆ ಹೊಡೆಯಿತು.

"ಭಾರಿ ಶಾಣ್ಯಾಕಿ ಅದೀ ದ್ಯಾವಮ್ಮ. ಈ ಕಡೆ ಬಿಸಿಲಿಗೂ ಒಂದು ಉಪಾಯ ಹೇಳು."

ದ್ಯಾವಮ್ಮ ಆ ಕಡೆ ಉಳಿದಿದ್ದ ಜೋಡಿ ಬೇವಿನ ಬೊಡ್ಡೆಯನ್ನು ನೋಡಿದಳು. ಆಮೇಲೆ ಮನೆಯತ್ತ ತಿರುಗಿದಳು.

"ಅದಕ್ಕ ಉಪಾಯ ಇಲ್ರಿ. ಆ ನೆರಳು ನಿಮ್ಮ ಬಾಗಿಲಾಗಿ ಹೋಗೇತಿ."