ಐದನೇ ಜ್ವರ

ರೇಷ್ಮೆಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ಸಾಕುವವರು ಜ್ವರ ಎನ್ನುತ್ತಾರೆ. ಅದು ಬರುವುದು ನಾಲ್ಕೇ ಸಲ. ನಾಲ್ಕನೇ ಜ್ವರ ಬಿಟ್ಟ ದಿನ ತಟ್ಟೆಯ ಹುಳುಗಳೆಲ್ಲ ಹೊಸ ಸೊಪ್ಪಿಗೆ ಬಾಯಿ ಹಾಕಿದವು. ಒಂದು ಕಿರಿಯ ಹುಳು ಮಾತ್ರ ಹಿಂದೆ ಸರಿಯಿತು.

“ಏಕೆ ತಂಗಿ, ಜ್ವರ ಬಿಡಲಿಲ್ಲವೇ?” ಎಂದು ಪಕ್ಕದ ಹುಳು ಕೇಳಿತು.

“ಬಿಟ್ಟಿತು ಅಕ್ಕ. ಆದರೆ ಜ್ವರದಲ್ಲಿ ಮೈ ಎಷ್ಟು ಹಗುರವಾಗಿತ್ತು! ಈಗ ಸೊಪ್ಪು ಕಂಡರೇ ಭಯ. ಮೂರು ದಿನ ಎಲೆಯ ರಸವನ್ನಷ್ಟೇ ಹೀರುತ್ತೇನೆ. ಒಳಗು ಶುದ್ಧವಾದರೆ ಭಯವೂ ಹೋಗುತ್ತದೆ.”

“ಹೂವಿನ ಚಿಟ್ಟೆಯಂತೆ ನಿನಗೂ ರಸದ ಚಪಲವೇ? ಐದನೇ ಜ್ವರವನ್ನು ನೀನೇ ಕರೆಸಿಕೊಳ್ಳುತ್ತಿದ್ದೀಯೆ. ನಾಳೆ ಗೂಡಿಗೆ ನೂಲು ಎಲ್ಲಿಂದ ತರುತ್ತೀ?”

“ಮೂರೇ ದಿನ, ಅಕ್ಕ.”

ಅಕ್ಕ ನಕ್ಕು ಮೇಯತೊಡಗಿತು. ನಾಲ್ಕನೇ ದಿನ ತಾನು ಮೇಯುತ್ತಿದ್ದ ಎಲೆಯ ಎಳೆಯ ತುದಿಯನ್ನು ತಂಗಿಗೆ ಬಿಟ್ಟುಕೊಟ್ಟಿತು.

“ಈಗ ತಿನ್ನು.”

“ಎಲೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದೆ, ಅಕ್ಕ. ಇನ್ನು ಮೂರೇ ದಿನ.”

ಅಕ್ಕ ಈ ಸಲ ನಗಲಿಲ್ಲ.

ಎಂಟನೇ ದಿನ ಹುಳುಗಳನ್ನೆಲ್ಲ ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಟ್ಟರು. ಸುತ್ತಲೂ ಗೂಡುಗಳು ಎದ್ದವು. ಅಕ್ಕ ತನ್ನ ಗೂಡಿನ ಒಂದು ಬದಿಯನ್ನು ಕೊನೆಯವರೆಗೂ ಮುಚ್ಚದೆ ತಂಗಿಯನ್ನೇ ನೋಡುತ್ತಿತ್ತು.

ತಂಗಿಯ ಬಾಯಿಂದ ಒಂದೇ ಒಂದು ಗೇಣು ನೂಲು ಬಂತು.