ಬಸ್ಸಿನಲ್ಲಿ ‘ಜಲ್ಲಿಕಲ್ಲು’

“ಗುರುಗಳೇ, ನಾವು ಮಾಡಿದ ಕೆಲಸದ ಬಗ್ಗೆ ಜನ ನಿಜವಾಗಿ ಏನು ಅಂದುಕೊಂಡಿದ್ದಾರೆ ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಹಿಂದಿನ ದಿನ ಮಠದಲ್ಲಿ ಮೊದಲ ಸಲ ಪ್ರವಚನ ಮಾಡಿದ್ದ. ಎದುರಿಗೆ ಸಿಕ್ಕವರೆಲ್ಲ ಚೆನ್ನಾಗಿತ್ತು ಎಂದಿದ್ದರು. ನಂಬಿಕೆ ಬರದೆ ಅವನು ಚಪ್ಪಲಿ ಬಿಡುವ ಜಾಗದ ಕಂಬದ ಹಿಂದೆ ಅರ್ಧ ಗಂಟೆ ನಿಂತು, ಹೊರಗೆ ಬರುವವರ ಮಾತಿಗೆ ಕಿವಿಗೊಟ್ಟಿದ್ದ. ಅಲ್ಲಿ ಎಲ್ಲರೂ ತಮ್ಮ ಚಪ್ಪಲಿಯ ವಿಷಯವನ್ನಷ್ಟೇ ಮಾತಾಡಿದ್ದರು.

ಗುರುಗಳು ಅವನನ್ನು ಕೂರಿಸಿಕೊಂಡು ಹೀಗೆ ಹೇಳಿದರು.

ಗದಗಿನಲ್ಲಿ ಫಕೀರೇಶ ಎಂಬ ಗಿಟಾರು ವಾದಕನಿದ್ದ. ಅವನೂ ಹೊಸಪೇಟೆಯ ಮೂವರು ಗೆಳೆಯರೂ ಸೇರಿ ಒಂದು ರಾಕ್ ತಂಡ ಕಟ್ಟಿಕೊಂಡಿದ್ದರು. ನಾಲ್ಕು ವರ್ಷ ದುಡಿದು ‘ಜಲ್ಲಿಕಲ್ಲು’ ಎಂಬ ಆಲ್ಬಮ್ ಹೊರತಂದರು. ಅದರಲ್ಲಿ ಎಂಟು ಹಾಡುಗಳಿದ್ದವು. ಗಿಟಾರು, ಡ್ರಮ್ಮು ಅಬ್ಬರಿಸುವ ಗಟ್ಟಿ ರಾಕ್ ಸಂಗೀತ. ಆದರೆ ನಡುವೆ ಬೀಸುವ ಕಲ್ಲಿನ ಪದ ಬರುತ್ತಿತ್ತು, ಮದುವೆ ಬ್ಯಾಂಡಿನ ಕ್ಲಾರಿಯೊನೆಟ್ ಬರುತ್ತಿತ್ತು, ಕವ್ವಾಲಿಯ ಚಪ್ಪಾಳೆ ಬರುತ್ತಿತ್ತು. ನಾಲ್ಕನೆಯ ಹಾಡಿನಲ್ಲಿ ಇವೆಲ್ಲ ಒಟ್ಟಿಗೇ ಬರುತ್ತಿದ್ದವು.

ಫಕೀರೇಶ ಗುರುತಿನವರನ್ನೆಲ್ಲ ಹೇಗಿದೆ ಎಂದು ಕೇಳಿದ. ರಾಕ್ ಸಂಗೀತದ ಹುಚ್ಚಿನ ಹುಡುಗರು, ಕ್ಲಾರಿಯೊನೆಟ್ ತೆಗೆದುಹಾಕಿದರೆ ಚೆನ್ನಾಗಿರುತ್ತದೆ ಎಂದರು. ಜನಪದ ಹಾಡು ಕಲಿಸುವ ಮೇಷ್ಟರು, ಗಿಟಾರು ತೆಗೆದುಹಾಕಿದರೆ ಚೆನ್ನಾಗಿರುತ್ತದೆ ಎಂದರು. ಕ್ಲಾರಿಯೊನೆಟ್ ನುಡಿಸಿದ್ದ ಬ್ಯಾಂಡಿನ ಮುದುಕ, ಎರಡೂ ಇರಲಿ, ಹಾಡುವವನನ್ನು ತೆಗೆದುಹಾಕಿ ಎಂದ. ಹಾಡಿದ್ದವನು ಫಕೀರೇಶನೇ. ಅವನ ಚಿಕ್ಕಮ್ಮ ಮಾತ್ರ ಎಂಟೂ ಹಾಡನ್ನು ಕದಲದೆ ಕೂತು ಕೇಳಿ, “ಚಲೋ ಐತಿ, ಕೈ ತೊಳಕೊ, ಊಟಕ್ಕ ಹಾಕ್ತೀನಿ” ಎಂದಳು.

ಇನ್ನೊಂದು ಆಲ್ಬಮ್ ಮಾಡುವುದೋ, ತಂಡ ಮುರಿದು ಅವರವರ ದಾರಿ ಹಿಡಿಯುವುದೋ ಎಂದು ತೀರ್ಮಾನಿಸುವ ದಿನ ಹತ್ತಿರ ಬಂತು. ಡ್ರಮ್ಮು ಬಾರಿಸುವ ಮೌಲಾಲಿ ಫೋನು ಮಾಡಿ ಹೇಳಿದ: “ಗುರುತಿದ್ದವರ ಮಾತು ಸಾಕು. ಭಾನುವಾರ ಬರೂ ಮುಂದ ಗುರುತಿಲ್ಲದವರು ಏನಂತಾರ ಕೇಳಿಕೊಂಡು ಬಾ. ಅದರ ಮ್ಯಾಲೆ ನೋಡೋಣು.” ಗದಗಿನಿಂದ ಹೊಸಪೇಟೆಗೆ ಓಡಾಡುವ ಖಾಸಗಿ ಬಸ್ಸಿನ ಚಾಲಕರಿಗೆಲ್ಲ ಅವನೇ ಆಲ್ಬಮ್ ತುಂಬಿದ ಪೆನ್‌ಡ್ರೈವ್ ಹಂಚಿದ್ದ.

ಭಾನುವಾರ ಬೆಳಿಗ್ಗೆ ಫಕೀರೇಶ ಅಂಥದ್ದೇ ಒಂದು ಬಸ್ಸು ಹತ್ತಿದ. ಗಿಟಾರು ಮನೆಯಲ್ಲೇ ಬಿಟ್ಟಿದ್ದ. ತಲೆಗೆ ಟೋಪಿ ಹಾಕಿಕೊಂಡಿದ್ದ. ಅವನನ್ನು ಗುರುತಿಸುವವರು ಗದಗಿನಲ್ಲೇ ಹೆಚ್ಚಿಗೆ ಇರಲಿಲ್ಲ, ಆದರೂ ಹಾಕಿಕೊಂಡಿದ್ದ.

ಲಕ್ಕುಂಡಿ ದಾಟಿದ ಮೇಲೆ ಚಾಲಕ ಹಾಡು ಹಾಕಿದ. ಮೊದಲ ಪೆಟ್ಟಿಗೇ ಬಸ್ಸಿನ ಕಿಟಕಿಗಳು ಜುಮ್ ಎಂದವು. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಗೊಬ್ಬರದ ವ್ಯಾಪಾರಿ ಕಣ್ಣು ಬಿಟ್ಟ.

“ಇದೇನ್ರೀ, ಜಲ್ಲಿ ಮಷಿನ್ ಹತ್ತಿರ ಬಂದೀವೇನು?”

“ಹಾಡ್ರೀ ಅದು. ಹೆಸರs ಜಲ್ಲಿಕಲ್ಲು,” ಎಂದ ಕಂಡಕ್ಟರ್.

“ಹಂಗಾರ ಸುಳ್ಳು ಹೇಳಿಲ್ಲ ಬಿಡ್ರಿ,” ಎಂದ ವ್ಯಾಪಾರಿ. ಆದರೆ ಮತ್ತೆ ಕಣ್ಣು ಮುಚ್ಚಲಿಲ್ಲ. ಮೂರನೆಯ ಹಾಡಿನಲ್ಲಿ ಬೀಸುವ ಪದ ಬಂದಾಗ ತಲೆಯೆತ್ತಿ, “ಇದನ್ನ ನಮ್ಮ ಅತ್ತಿ ಹಾಡ್ತಿದ್ಲು. ಇವರು ಲಾರಿ ಇಂಜಿನ್ನಿಗೆ ಕಟ್ಟಿ ಎಳದಾರ ನೋಡ್ರಿ” ಎಂದ. ಅದು ಹೊಗಳಿಕೆಯೋ ಬೈಗುಳವೋ ಫಕೀರೇಶನಿಗೆ ತಿಳಿಯಲಿಲ್ಲ. ಹಿಂದೆ ಇಬ್ಬರು ಕಾಲೇಜು ಹುಡುಗಿಯರು ಇದು ಮದುವೆ ಹಾಡೋ ಜಗಳದ ಹಾಡೋ ಎಂದು ವಾದಕ್ಕಿಳಿದಿದ್ದರು. ರುಮಾಲಿನ ಮುದುಕನೊಬ್ಬ ಊರುಗೋಲಿನಿಂದ ಬಸ್ಸಿನ ತಗಡು ಕುಟ್ಟುತ್ತಿದ್ದ. ತಾಳಕ್ಕೆ ಕುಟ್ಟುತ್ತಿದ್ದನೋ, ನಿಲ್ಲಿಸಿ ಎಂದು ಕುಟ್ಟುತ್ತಿದ್ದನೋ, ಅದೂ ತಿಳಿಯಲಿಲ್ಲ.

ನಾಲ್ಕನೆಯ ಹಾಡು ಶುರುವಾಯಿತು. ಸ್ಪಷ್ಟವಾಗಿ ಒಂದು ಮಾತು ಬೇಕಿತ್ತು ಫಕೀರೇಶನಿಗೆ. ಒಳ್ಳೆಯದು ಎಂದು ತಾನೇ ಅಂದರೆ ಜನ ಮುಲಾಜಿಗೆ ಹೂಂ ಅನ್ನುತ್ತಾರೆ. ಬೈದು ನೋಡೋಣ, ನಿಜವಾಗಿ ಹಿಡಿಸಿದವರು ಎದುರು ಮಾತಾಡುತ್ತಾರೆ ಎಂದು ಲೆಕ್ಕ ಹಾಕಿದ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದ:

“ಇದೇನು ಹಾಡ್ರೀ? ಒಂದೂ ನೆಟ್ಟಗ ಬರಲಾರದವರು ನಾಕು ಕಲಸ್ಯಾರ.”

ಬಸ್ಸಿನವರು ತಿರುಗಿ ನೋಡಿದರು. ವ್ಯಾಪಾರಿ ತಲೆಯಾಡಿಸಿ, “ಖರೇ ಅದ, ನನಗೂ ಹಂಗs ಅನಿಸ್ತು” ಎಂದ. ಹುಡುಗಿಯರು ವಾದ ನಿಲ್ಲಿಸಿದರು. ಮುದುಕ ಊರುಗೋಲು ಕೆಳಗಿಟ್ಟ.

ಫಕೀರೇಶನಿಗೆ ಸಂಕಟವಾಯಿತು. ಇಷ್ಟು ಬೇಗ ಒಪ್ಪುತ್ತಾರೆ ಎಂದು ಅವನು ಅಂದುಕೊಂಡಿರಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಬೈದರೆ ಯಾರಾದರೂ ತಡೆದಾರು ಎಂದು ಮುಂದುವರಿಸಿದ. ಎರಡನೆಯ ಹಾಡಿನಲ್ಲಿ ಗಿಟಾರಿನ ಒಂದು ತಂತಿ ಕೂದಲೆಳೆಯಷ್ಟು ಇಳಿದಿದೆ ಎಂದ. ಕವ್ವಾಲಿಯ ಚಪ್ಪಾಳೆ ಹೊಡೆದವರಲ್ಲಿ ಒಬ್ಬ ತಡವಾಗಿ ಹೊಡೆಯುತ್ತಾನೆ ಎಂದ. ಹಾಡುವವನಿಗೆ ಮೇಲಿನ ಸ್ವರ ಎಟುಕುವುದಿಲ್ಲ, ಎಟುಕಿದವನಂತೆ ಕಿರುಚುತ್ತಾನೆ ಎಂದ. ಇಷ್ಟು ಸೂಕ್ಷ್ಮಗಳು ಆಲ್ಬಮ್ ಮಾಡಿದವನಿಗಲ್ಲದೆ ಇನ್ನಾರಿಗೂ ತಿಳಿಯುವಂಥವಲ್ಲ. ಜನ ಬೆರಗಾದರು.

“ನೀವು ಸಂಗೀತದ ಮಾಸ್ತರರೇನ್ರಿ?” ಎಂದು ವ್ಯಾಪಾರಿ ಕೇಳಿ, ತನ್ನ ಕಿಟಕಿಯ ಸೀಟು ಬಿಟ್ಟುಕೊಟ್ಟ. ಹುಡುಗಿಯೊಬ್ಬಳು ಶೇಂಗಾ ಕೊಟ್ಟಳು. ಫಕೀರೇಶ ಕಿಟಕಿಯ ಪಕ್ಕ ಕೂತು, ಶೇಂಗಾ ಸುಲಿಯುತ್ತ, ತನ್ನ ನಾಲ್ಕು ವರ್ಷದ ದುಡಿಮೆಯನ್ನು ಹಾಡುಹಾಡಾಗಿ ಬಿಡಿಸಿ ಬೈದ. ಅವನು ಹಾಡಿದಾಗ ಯಾವ ಊರಿನಲ್ಲೂ ಯಾರೂ ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ. ಸಂಕಟ ಎಲ್ಲಿ ಮುಗಿದು ಖುಷಿ ಎಲ್ಲಿ ಶುರುವಾಯಿತೋ ಅವನಿಗೇ ಗೊತ್ತಾಗಲಿಲ್ಲ. ತಾನು ಹೇಳಿದ ಒಂದು ಮಾತಿಗೆ ತಾನೇ ಜೋರಾಗಿ ನಕ್ಕ.

ಕೊಪ್ಪಳ ದಾಟುವ ಹೊತ್ತಿಗೆ ಇಡೀ ಬಸ್ಸು ಒಂದಾಗಿ ಚಾಲಕನಿಗೆ ಹೇಳಿತು: “ತಗೀರಿ ಅದನ್ನ, ಬ್ಯಾರೆ ಏನರ ಹಾಕ್ರಿ.” ಚಾಲಕ ಪೆನ್‌ಡ್ರೈವ್ ಕಿತ್ತು ಮುಂದಿನ ಡಬ್ಬಿಗೆ ಎಸೆದು, ಸಿನಿಮಾ ಹಾಡು ಹಾಕಿದ. ವ್ಯಾಪಾರಿ ಮತ್ತೆ ತೂಕಡಿಸತೊಡಗಿದ.

ಗಿಣಿಗೇರಾ ಬಂತು. ಜೋಳದ ರೊಟ್ಟಿ ತಟ್ಟಿ ಹೋಟೆಲುಗಳಿಗೆ ಕೊಡುವ ಹೆಂಗಸೊಬ್ಬಳು ಖಾಲಿ ಬುಟ್ಟಿ ಹಿಡಿದು ಇಳಿಯಲು ಎದ್ದಳು. ಗದಗಿನಿಂದ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಚಾಲಕನ ಹತ್ತಿರ ಹೋಗಿ, “ಅಣ್ಣಾ, ಅದು ನಿಮಗ ಬ್ಯಾಡಾಗಿದ್ರ ನನಗ ಕೊಡ್ರಿ” ಎಂದಳು. ಚಾಲಕ ಡಬ್ಬಿಯಲ್ಲಿ ಕೈಯಾಡಿಸಿ ಪೆನ್‌ಡ್ರೈವ್ ಕೊಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಇಳಿಯುವ ಮೊದಲು ಫಕೀರೇಶನ ಕಡೆ ತಿರುಗಿದಳು.

“ನಿಮಗ ಸೇರದಿದ್ರ ಸುಮ್ಮನ ಕುಂದರಬಹುದಿತ್ತಲ್ಲ. ನಾಕನೇ ಹಾಡಿನ್ಯಾಗ ಎಲ್ಲಾ ಗದ್ದಲ ನಿಂತು ಆ ಪೀಪಿ ಒಂದs ಉಳೀತು ನೋಡ್ರಿ, ಮುಂದ ಏನಾಗ್ತದ ಅಂತ ಕಾಯಾಕತ್ತಿದ್ದೆ. ಅಷ್ಟೊತ್ತಿಗೆ ನೀವು ಬಾಯಿ ತಗದ್ರಿ. ಆಮ್ಯಾಲೆ ನನಗ ನಿಮ್ಮ ಮಾತs ಕೇಳಿಸಿದ್ದು.”

ಫಕೀರೇಶನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಕ್ಲಾರಿಯೊನೆಟ್ ಒಂದೇ ಉಳಿಯುವ ಆ ಜಾಗಕ್ಕಾಗಿ ಅವನು ಮೌಲಾಲಿಯ ಜೊತೆ ಎಂಟು ದಿನ ಮಾತು ಬಿಟ್ಟಿದ್ದ. ಅದರ ಸುದ್ದಿಯನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ. ಎದ್ದು ನಿಂತು, ಟೋಪಿ ತೆಗೆದು, “ಅಕ್ಕಾ, ಅದು ನಂದs ಹಾಡು. ನಾನs ಹಾಡೀನಿ” ಎಂದ.

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಸುಳ್ಳು ಹೇಳಬ್ಯಾಡ್ರಿ. ಮಾಡಿದಾವ ಹಿಂಗ ಮಾತಾಡಂಗಿಲ್ಲ.”

ಫಕೀರೇಶ ಬೇರೆ ದಾರಿ ಕಾಣದೆ, ಬಸ್ಸಿನ ನಡುವೆ ನಿಂತು ನಾಲ್ಕನೆಯ ಹಾಡಿನ ಎರಡು ಸಾಲು ಹಾಡಿದ. ಬಾಯಿ ಒಣಗಿತ್ತು, ದನಿ ಒಡೆಯಿತು. ವ್ಯಾಪಾರಿ ಕಣ್ಣು ಬಿಟ್ಟು ಕೇಳಿ, ನಿಧಾನವಾಗಿ ಹೇಳಿದ:

“ಇಲ್ಲ ಬಿಡ್ರಿ, ಇವರಲ್ಲ. ಅದರಾಗ ಹಾಡಿದಾವ ಭಾಳ ಚಲೋ ಹಾಡ್ಯಾನ.”

ಹೆಂಗಸು ಇಳಿದು ಹೋದಳು. ಮುಂದಿನ ದಾರಿಯಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಕಿಟಕಿಯ ಸೀಟನ್ನು ವ್ಯಾಪಾರಿ ವಾಪಸು ಕೇಳಿ ಪಡೆದ.

ಹೊಸಪೇಟೆಯಲ್ಲಿ ಮೂವರೂ ಕಾಯುತ್ತಿದ್ದರು. ಜನ ಏನಂದರು ಎಂದು ಕೇಳಿದರು. ಬಸ್ಸಿನವರೆಲ್ಲ ಬೈದರು, ಒಬ್ಬಳು ಮಾತ್ರ ಪೆನ್‌ಡ್ರೈವ್ ಒಯ್ದಳು ಎಂದ ಫಕೀರೇಶ. ಏನೇನು ಬೈದರು ಎಂದು ಮೌಲಾಲಿ ಬಿಡದೆ ಕೇಳಿದ. ಇಳಿದ ತಂತಿ, ತಡವಾದ ಚಪ್ಪಾಳೆ, ಎಟುಕದ ಸ್ವರ, ಒಂದೂ ಬಿಡದೆ ಫಕೀರೇಶ ಹೇಳಿದ. ಮೌಲಾಲಿ ಅವನ ಮುಖ ನೋಡಿ ಕೇಳಿದ:

“ಇವೆಲ್ಲ ನೀ ರೆಕಾರ್ಡಿಂಗ್ ಮಾಡೂ ಮುಂದ ದಿನಾ ಹಲಬತಿದ್ದ ಮಾತs ಅದಾವಲ್ಲೋ. ಬಸ್ಸಿನವರಿಗೆ ಹೆಂಗ ಗೊತ್ತಾದ್ವು?”

ಫಕೀರೇಶ ಆಗ ನಡೆದದ್ದನ್ನೆಲ್ಲ ಹೇಳಿದ. ಮೂವರೂ ಬಹಳ ಹೊತ್ತು ನಕ್ಕರು. ಕೊನೆಗೆ ಅವನೂ ನಕ್ಕ. ಆ ದಿನ ಯಾವ ತೀರ್ಮಾನವೂ ಆಗಲಿಲ್ಲ. ಮುಂದಿನ ಭಾನುವಾರ ವಾದ್ಯಗಳನ್ನು ತಂದು ಮತ್ತೆ ಸೇರೋಣ ಎಂದು ಎದ್ದರು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಗುರುಗಳೇ, ಆ ಹಾಡುಗಳು ನಿಜವಾಗಿ ಚೆನ್ನಾಗಿದ್ದವೋ ಇಲ್ಲವೋ? ಫಕೀರೇಶನಿಗೆ ಕೊನೆಗೆ ಏನು ಗೊತ್ತಾಯಿತು?”

“ಅವನಿಗೆ ಹೇಗೆ ಗೊತ್ತಾಗಬೇಕು, ಆ ಬಸ್ಸಿನಲ್ಲಿ ಹಾಡು ಕೇಳದೆ ಕೂತಿದ್ದವನು ಅವನೊಬ್ಬನೇ,” ಎಂದರು ಗುರುಗಳು.