ತರಗಿ ತನ್ನ ಬಾಲ ಬಿಟ್ಟುಕೊಟ್ಟದ್ದು

ಜಗತ್ತು ಹೊಸದಾಗಿದ್ದ ಕಾಲ. ಹೊಸದು ಎಂದ ಮಾತ್ರಕ್ಕೆ ಎಲ್ಲ ಸರಿಯಾಗಿತ್ತು ಎಂದುಕೊಳ್ಳಬೇಡ. ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತಿದ್ದವು. ಇಳಿಜಾರು ಯಾವ ಕಡೆ ಎಂಬುದು ತೊರೆಗೆ ಆಗತಾನೆ ಗೊತ್ತಾಗಿತ್ತು. ಎಲ್ಲರಿಗೂ ಮಾತು ಬರುತ್ತಿತ್ತು. ಕೆಲಸ ಬರುತ್ತಿದ್ದವರು ಕಡಿಮೆ.

ಆಗ ಒಂದು ಕಾಡಿನಲ್ಲಿ, ಒಣಗಿದ ಎಲೆಗಳ ನಡುವೆ, ಗಿಡ್ಡ ಗೋಸುಂಬೆಗಳಿದ್ದವು. ನಿನ್ನ ಹೆಬ್ಬೆರಳಿಗಿಂತ ತುಸು ಉದ್ದ, ಅಷ್ಟೇ. ಬಣ್ಣ ಒಣಗಿದ ಎಲೆಯದು. ನಡಿಗೆಯೂ ಒಣಗಿದ ಎಲೆಯದೇ: ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಗಾಳಿಗೆ ಅಲುಗಿದ ಹಾಗೆ.

ಗಂಡು ಯಾವುದು, ಹೆಣ್ಣು ಯಾವುದು, ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಎಲ್ಲರಿಗೂ ಒಂದೇ ಮೈ, ಒಂದೇ ಬಾಲ. ಬಾಲ ಉದ್ದವಾಗಿ ತೆಳ್ಳಗಿತ್ತು. ಸಂಜೆಯಾದರೆ ಪುಟ್ಟ ಗಿಡ ಹತ್ತಿ, ಬಾಲವನ್ನು ಕಡ್ಡಿಗೆ ಎರಡು ಸುತ್ತು ಸುತ್ತಿಕೊಂಡರೆ ಬೀಳುವ ಭಯವಿಲ್ಲ. ಬೆಳಗಿನವರೆಗೆ ನಿದ್ದೆ. ಗಿಡ್ಡ ಗೋಸುಂಬೆಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಅವರಲ್ಲಿ ತರಗಿ ಎಂಬವಳ ಹೊಟ್ಟೆಯಲ್ಲಿ ಐದು ಮೊಟ್ಟೆಗಳಿದ್ದವು. ಮೊಟ್ಟೆಗಳನ್ನು ತೇವದ ಮಣ್ಣಿನೊಳಗೆ ಇಡಬೇಕು. ಮೇಲೆ ಬಿಟ್ಟರೆ ಇರುವೆಗಳ ಪಾಲು. ಅಂದು ಸಂಜೆಯೊಳಗೆ ಇಡಲೇಬೇಕಿತ್ತು, ಹೊಟ್ಟೆ ಇನ್ನು ಕಾಯುವಂತಿರಲಿಲ್ಲ. ಅವಳು ನೆಲದ ಮೇಲೆ ನಿಂತು ಕೆರೆದಳು.

ನೆಲ ಬಿಗಿದುಕೊಂಡಿತು. "ಯಾರದು?"

"ನಾನು ತರಗಿ. ಮೊಟ್ಟೆ ಇಡಬೇಕು ನೆಲವ್ವ, ಸ್ವಲ್ಪ ಜಾಗ ಬಿಡು."

"ಎಲ್ಲರೂ ಹಾಗೇ ಹೇಳ್ತಾರೆ. ನಿನ್ನೆ ಒಬ್ಬ ಬಂದ. ಮೊಟ್ಟೆ ಇಡ್ಬೇಕವ್ವಾ, ತಡೀಲಾರೆ ಅಂತ ನರಳಿದ. ಪಾಪ ಅಂತ ಮೆತ್ತಗಾದೆ. ಒಳಗೆ ತಂಪಾಗಿ ಮಲಗಿ, ಬಿಸಿಲು ಇಳಿಯೋ ತನಕ ಗೊರಕೆ ಹೊಡೆದ. ಮೊನ್ನೆ ಅಂಥವರು ಮೂವರು. ನಂಬಿ ನಂಬಿ ನನ್ನ ಮೈಯೆಲ್ಲ ತೂತು. ಸಾಕು, ಹೋಗು."

"ನಿನ್ನೆ ಬಂದವನು ಹೇಗಿದ್ದ?"

"ನಿನ್ನ ಹಾಗೇ ಇದ್ದ. ಅದೇ ತಾನೇ ಕಷ್ಟ? ಗದ್ದದ ಮೇಲೊಂದು ಬಿಳಿ ಮಚ್ಚೆ ಇತ್ತು, ಅಷ್ಟೇ."

ತರಗಿಯ ಗಂಡ ಕಡ್ಡೀರನ ಗದ್ದದ ಮೇಲೆ ಬಿಳಿ ಮಚ್ಚೆ ಇತ್ತು.

ಅವಳು ನೆಲಕ್ಕೆ ಉಗುರು ಊರಿದಳು. ಕೆರೆದಳು. ನೆಲ ಸಡಿಲವಾಗಲಿಲ್ಲ. ಮತ್ತೆ ಕೆರೆದಳು. ಒಂದು ಉಗುರು ಮುರಿಯಿತು.

ಪಕ್ಕದಲ್ಲಿ ಇರುವೆಗಳು ಸಾಲಾಗಿ ಬಂದು ನಿಂತವು. "ನಮಗೇನೂ ಅವಸರವಿಲ್ಲಮ್ಮ," ಎಂದವು.

ತರಗಿ ಗಾಳಿಯನ್ನು ಕರೆದಳು. "ನಾನು ಹೆಣ್ಣು ಅಂತ ನೆಲಕ್ಕೆ ಹೇಳು."

"ಹೇಳಬಹುದಿತ್ತು," ಎಂದಿತು ಗಾಳಿ. "ಆದರೆ ನಾನು ಮರದ ತುದೀಲಿ ಇರೋನು. ಕೆಳಗಿನವರ ವಿಚಾರ ನನಗೆ ಅಷ್ಟು ತಿಳಿಯೋದಿಲ್ಲ." ಹಾಗೆಂದು ಮರದ ತುದಿಗೆ ಹೋಯಿತು.

ತರಗಿ ತೊರೆಯನ್ನು ಕರೆದಳು. "ನಾನು ಹೆಣ್ಣು ಅಂತ ನೆಲಕ್ಕೆ ಹೇಳು."

"ಖಂಡಿತ ಹೇಳ್ತೀನಿ, ವಾಪಸ್ ಬರುವಾಗ," ಎಂದು ತೊರೆ ಹರಿದುಹೋಯಿತು. ತೊರೆಗಳು ವಾಪಸ್ ಬರುವುದಿಲ್ಲ. ಅದು ಆಗಲೂ ಎಲ್ಲರಿಗೂ ಗೊತ್ತಿತ್ತು.

ಉಳಿದವನು ಕಡ್ಡೀರ. ಅವನು ಗಿಡದ ಮೇಲೆ ಬಾಲ ಸುತ್ತಿಕೊಂಡು ಮಲಗಿದ್ದ, ಹಗಲಿನಲ್ಲೇ.

"ಏಳು," ಎಂದಳು ತರಗಿ.

"ನಾನಲ್ಲ," ಎಂದ ಕಡ್ಡೀರ. ಇನ್ನೂ ಯಾರೂ ಏನೂ ಕೇಳಿರಲಿಲ್ಲ.

"ನಿನ್ನ ಗದ್ದದ ಮಚ್ಚೆ ನೋಡಿತಂತೆ ನೆಲ."

"ಬಿಸಿಲು ಜಾಸ್ತಿ ಇತ್ತು ಕಣೇ. ಎಲ್ಲರೂ ಹೋಗ್ತಾರೆ. ನಾನೊಬ್ಬನೇನಾ?"

"ಬಂದು ತಪ್ಪು ಒಪ್ಪಿಕೋ. ನಾನು ಹೆಣ್ಣು ಅಂತ ಹೇಳು."

ಕಡ್ಡೀರ ಬಂದ. ನೆಲ ಅವನನ್ನು ನೋಡಿ, "ನಿನ್ನೆಯ ಸುಳ್ಳುಗಾರ ಇವತ್ತು ಸಾಕ್ಷೀನಾ? ಚೆನ್ನಾಗಿದೆ," ಎಂದಿತು. ಕಡ್ಡೀರ ಹೆದರಿ, ಗುಂಯ್ ಎಂದು ಮೈಯೆಲ್ಲ ನಡುಗಿಸಿ, ಕಾಲು ಮಡಚಿ, ಒಣಗಿದ ಎಲೆಯಂತೆ ಬಿದ್ದುಕೊಂಡ. ಅವನಿಂದ ಆದ ಸಹಾಯ ಅಷ್ಟು.

ಬಿಸಿಲು ಇಳಿಯುತ್ತಿತ್ತು. ಇರುವೆಗಳ ಸಾಲು ಒಂದು ಗೇಣು ಮುಂದೆ ಬಂದಿತ್ತು. ತರಗಿ ಕೆರೆದಳು. ಇನ್ನೊಂದು ಉಗುರು ಮುರಿಯಿತು. ಕೆರೆದಳು.

ನೆಲಕ್ಕೆ ಇದು ಹೊಸದು. ಸುಳ್ಳು ಹೇಳಲು ಬಂದವರು ಎರಡನೆಯ ಸಲ ಕೆರೆದದ್ದನ್ನು ಅದು ಕಂಡಿರಲಿಲ್ಲ. ಆದರೂ ಮೋಸ ಹೋಗಿ ಹೋಗಿ ಅದಕ್ಕೆ ಸಾಕಾಗಿತ್ತು.

"ಒಂದು ಕೆಲಸ ಮಾಡು," ಎಂದಿತು ನೆಲ. "ಮಲಗೋಕೆ ಬಂದ ಸೋಮಾರಿ ಯಾವತ್ತೂ ಕೊಡಲಾರದಂಥದ್ದು ಏನಾದರೂ ಕೊಡು. ಆಗ ನಂಬ್ತೀನಿ."

ತರಗಿ ಯೋಚಿಸಿದಳು. ಬಹಳ ಹೊತ್ತು ಬೇಕಾಗಲಿಲ್ಲ. ಸೋಮಾರಿಗೆ ಪ್ರಿಯವಾದದ್ದು ನಿದ್ದೆ. ನಿದ್ದೆಗೆ ಬೇಕಾದದ್ದು ಬಾಲ.

ಅವಳು ತಿರುಗಿ, ಬಾಲವನ್ನು ನೆಲದ ಬಿರುಕಿಗೆ ಇಳಿಸಿದಳು. "ತಗೋ."

"ಆಮೇಲೆ ಕಡ್ಡಿಯ ಮೇಲೆ ಹೇಗೆ ಮಲಗ್ತೀಯ?"

"ಕಾಲಿನಲ್ಲಿ ಗಟ್ಟಿಯಾಗಿ ಹಿಡ್ಕೋತೀನಿ. ಕಾಲು ನಾಲ್ಕಿವೆ. ಬೇಗ ತಗೋ, ಹೊತ್ತಾಯ್ತು."

ನೆಲ ಬಿರುಕನ್ನು ಮುಚ್ಚಿತು. ಬಾಲದ ಹೆಚ್ಚಿನ ಭಾಗ ತುಂಡಾಗಿ ಒಳಗೇ ಉಳಿಯಿತು. ತರಗಿ ಕಣ್ಣು ಮುಚ್ಚಿದಳು, ಕೂಗಲಿಲ್ಲ.

ಆ ಕ್ಷಣವೇ ಅವಳ ಕಾಲಡಿಯ ಮಣ್ಣು ಸಡಿಲವಾಯಿತು. ಅವಳು ತೋಡಿದಳು, ಹಿಂದೆ ಹಿಂದಕ್ಕೆ ಒಳಗಿಳಿದಳು, ಐದು ಮೊಟ್ಟೆ ಇಟ್ಟಳು. ಮೇಲೆ ಮಣ್ಣು ಎಳೆದಳು, ತುಳಿದಳು, ಎರಡು ಎಲೆ ಹೊದಿಸಿದಳು. ಇರುವೆಗಳು ಬೇರೆ ಕೆಲಸ ನೆನಪಾದವರಂತೆ ತಿರುಗಿ ಹೋದವು.

ಆಗ ನೆಲ ಬಾಲದ ತುಂಡನ್ನು ಹೊರಗೆ ನೂಕಿತು. ಅದರ ದನಿ ಸ್ವಲ್ಪ ಚಿಕ್ಕದಾಗಿತ್ತು. "ತಗೋಮ್ಮ. ಪರೀಕ್ಷೆಗೆ ಕೇಳಿದ್ದು. ನಾನು ಬಾಲ ಇಟ್ಕೊಂಡು ಏನು ಮಾಡಲಿ? ಪಕ್ಕದ ಮರದಲ್ಲಿ ಅಂಟು ಒಸರ್ತಿದೆ, ಅದರಿಂದ ಮತ್ತೆ ಅಂಟಿಸಿಕೋ."

ತರಗಿ ತುಂಡನ್ನು ನೋಡಿದಳು. ಕಡ್ಡಿಗೆ ಎರಡು ಸುತ್ತು ಬರುವಷ್ಟಿತ್ತು.

"ಅಂಟಿಸಿಕೊಂಡರೆ ಮುಂದಿನ ಸಲ ಮತ್ತೆ ಯಾರದು ಅಂತ ಕೇಳ್ತೀಯ," ಎಂದಳು. "ಆಮೇಲೆ ನನ್ನ ಹೆಣ್ಣುಮಕ್ಕಳನ್ನೂ ಕೇಳ್ತೀಯ. ಅವರೂ ಉಗುರು ಮುರಿದುಕೊಂಡು ಕೆರೀಬೇಕಾ? ಬೇಡ. ಇದು ಹೀಗೇ ಇರಲಿ. ಬಾಲ ಮೋಟು ಇದ್ದರೆ ಬಾಯಿ ಮುಚ್ಚಿಕೊಂಡು ಜಾಗ ಬಿಡು."

"ಆಗಲಿ," ಎಂದಿತು ನೆಲ. ನೆಲಕ್ಕೆ ಅಷ್ಟು ಚಿಕ್ಕ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ.

ಕಡ್ಡೀರ ಇನ್ನೂ ಎಲೆಯಂತೆ ಬಿದ್ದಿದ್ದ. ತರಗಿ ಮರದ ಅಂಟು ತಂದಳು. ತನ್ನ ಬಾಲದ ತುಂಡನ್ನು ಮಡಚಿ, ಅವನ ಬಾಲದ ಬುಡಕ್ಕೆ, ಅಡಿಯಲ್ಲಿ, ಒತ್ತಿ ಅಂಟಿಸಿದಳು.

"ಏಯ್, ಏನೇ ಇದು? ಭಾರ!"

"ಇಷ್ಟು ದಿನ ನಾನು ಹೊತ್ತೆ. ಈಗ ನೀನು ಹೊರು. ಇನ್ನೊಂದು ಸಲ ಮೊಟ್ಟೆ ಅಂತ ನರಳಿಕೊಂಡು ಬಂದರೆ ನೆಲ ಬಾಲದ ಬುಡ ಮುಟ್ಟಿ ನೋಡುತ್ತೆ."

ಕಡ್ಡೀರ ಉಜ್ಜಿದ, ಎಳೆದ, ತೊರೆಯಲ್ಲಿ ನೆನೆಸಿದ. ಅಂಟು ಬಿಡಲಿಲ್ಲ. ಅವನ ಗಂಡುಮಕ್ಕಳಿಗೂ ಬಿಡಲಿಲ್ಲ.

ಅಂದು ಸಂಜೆ ತರಗಿ ಗಿಡ ಹತ್ತಿದಳು. ನಾಲ್ಕು ಕಾಲಿನಿಂದ ಕಡ್ಡಿ ಹಿಡಿದಳು. ಎರಡು ಸಲ ಬಿದ್ದಳು. ಮೂರನೆಯ ಸಲ ಬೀಳಲಿಲ್ಲ.

ಮರಿಗಳಲ್ಲಿ ಈ ವ್ಯತ್ಯಾಸ ಹುಡುಕಬೇಡ, ಕಾಣುವುದಿಲ್ಲ. ಅವಕ್ಕೆ ಇನ್ನೂ ನೆಲದ ಹತ್ತಿರ ಕೆಲಸ ಬಿದ್ದಿರುವುದಿಲ್ಲ. ಮರಿ ನೋಡಿಯೇ ಗಂಡು ಹೆಣ್ಣು ಹೇಳುತ್ತೇನೆ ಎನ್ನುವ, ಗೋಸುಂಬೆ ಮಾರುವ ಅಂಗಡಿಯವನನ್ನು, ಸಾಕ್ಷಿ ಹೇಳಲು ಬಂದ ಕಡ್ಡೀರನನ್ನು ನೆಲ ನಂಬಿದಷ್ಟೇ ನಂಬು. ಇನ್ನು ಹೆಣ್ಣಿನ ಮೈ ಗುಂಡಗಿರುವುದಕ್ಕೆ ಬೇರೆ ಕಥೆ ಬೇಕಿಲ್ಲ. ಮೊಟ್ಟೆ ಹೊರಲು ಜಾಗ ಬೇಕು, ಅಷ್ಟೇ.

ಆದ್ದರಿಂದ ಬೆಳೆದ ಮೇಲೆ ನೋಡು, ಕೈಗೆ ತೆಗೆದುಕೊಂಡು ನಡುಗಿಸದೆ, ಗಾಜಿನ ಹೊರಗಿನಿಂದಲೇ: ಗೋಸುಂಬೆ ಸಾಕಲು ನೀನಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ಬಾಲ ಉದ್ದವಾಗಿ, ಬುಡ ದಪ್ಪಗಿದ್ದು, ಏನೋ ಹೊತ್ತವನಂತೆ ನಡೆಯುವುದು ಗಂಡು, ಗುಂಡು ಮೈಯ ಹಿಂದೆ ಚೋಟುದ್ದದ ಮೋಟು ಬಾಲವಿಟ್ಟುಕೊಂಡು, ಕಡ್ಡಿಯನ್ನು ನಾಲ್ಕೂ ಕಾಲಿನಿಂದ ಗಟ್ಟಿಯಾಗಿ ಹಿಡಿದು ಮಲಗಿರುವುದು ತರಗಿಯ ಮಗಳು.